ಮೆಟ್ಟುಹಲಗೆಯ ತಗ್ಗು

ನನ್ನ ಅಣ್ಣ ಮುಟ್ಟಿದ್ದೆಲ್ಲ ಹೊಳೆಯುತ್ತದೆ. ಕೆಲಸ ಮಾಡುತ್ತದೆಯೇ ಎಂದು ಮಾತ್ರ ಯಾರೂ ಕೇಳಬಾರದು. ಕೇಳಿದರೆ ಅವನಿಗೆ ಸಿಟ್ಟು; ಸಿಟ್ಟು ಬಂದರೆ ಮೇಲೆ ಇನ್ನೊಂದು ಕೈ ಪಾಲಿಶ್. ಮೂವತ್ತನಾಲ್ಕು ವರ್ಷ ಒಂದೇ ಮರದ ಸಾಮಾನಿನ ಅಂಗಡಿಯಲ್ಲಿ ಕುರ್ಚಿ, ಮೇಜು, ಮಂಚಗಳನ್ನು ಉಜ್ಜಿ ಮಿಂಚಿಸಿದವನು ಅವನು. ಬೀದಿಯವರು ಅವನನ್ನು ಪಾಲಿಶಣ್ಣ ಎನ್ನುತ್ತಾರೆ. ಅದು ಗೇಲಿ ಎಂದು ನನಗೆ ಗೊತ್ತು, ಅವರಿಗೂ ಗೊತ್ತು. ಅವನೊಬ್ಬ ಅದನ್ನು ಬಿರುದು ಎಂದುಕೊಂಡಿದ್ದಾನೆ.

ನಿವೃತ್ತಿಯಾದ ಮೇಲೆ ಬೇರೆ ಗಂಡಸರ ಹಾಗೆ ಪೇಪರು ಓದಿಕೊಂಡು, ಸರ್ಕಾರವನ್ನು ಬೈದುಕೊಂಡು ಇರಬಹುದಿತ್ತು. ಗ್ರಹಚಾರ, ಗುಜರಿ ಅಂಗಡಿಯ ರಾಶಿಯಲ್ಲಿ ಒಂದು ಮುರುಕಲು ರಾಟೆ ಇವನ ಕಣ್ಣಿಗೆ ಬಿತ್ತು. ಕೆಳಗಿನ ಹಲಗೆಯನ್ನು ಪಾದದಿಂದ ತುಳಿದರೆ ಚಕ್ರ ತಿರುಗಿ ನೂಲು ಬರುವ ಜಾತಿಯದು, ನೂರು ವರ್ಷದ ಹಳೆಯದು. ಮನೆಗೆ ಹೊತ್ತು ತಂದ, ಹೆರೆದ, ಉಜ್ಜಿದ, ಏಳು ಕೈ ಪಾಲಿಶ್ ಕೊಟ್ಟ. ಯಾವುದೋ ಹೋಟೆಲಿನವರು ಮೆಚ್ಚಿ ಕೊಂಡೊಯ್ದು, ಬಾಗಿಲ ಪಕ್ಕದಲ್ಲಿಟ್ಟು, ಅದರ ಮೇಲೊಂದು ಹೂಕುಂಡ ಏರಿಸಿದರು. ಅಷ್ಟು ಸಾಕಾಯಿತು. ಮರುದಿನದಿಂದ ಅಣ್ಣ ಹಳೆಯ ರಾಟೆಗಳ ಡಾಕ್ಟರು. ಹಿತ್ತಲಿನ ತಗಡಿನ ಶೆಡ್ಡಿಗೆ ಬೋರ್ಡು ಬಂತು, ಬೋರ್ಡಿಗೂ ಪಾಲಿಶ್ ಬಂತು.

ನೂಲಲು ಬರುತ್ತದೆಯೇ ಇವನಿಗೆ? ಒಂದು ಗೇಣು ನೂಲು ತೆಗೆದವನಲ್ಲ. ಈಜು ಬಾರದವನು ದೋಣಿ ಮಾಡಲು ಕೂತ ಹಾಗೆ.

ನೂಲುವವಳು ನನ್ನ ಅತ್ತಿಗೆ, ಇವನ ಹೆಂಡತಿ. ಚಿಕ್ಕಂದಿನಲ್ಲಿ ಜ್ವರ ಬಂದು ಅವಳ ಬಲಗಾಲು ಸೊರಗಿತು. ಹಿಮ್ಮಡಿ ನೆಲಕ್ಕೆ ಪೂರ್ತಿ ತಾಗುವುದಿಲ್ಲ, ಪಾದ ಹೊರಕ್ಕೆ ವಾಲುತ್ತದೆ. ಎಡಗಾಲಿನಿಂದ ತುಳಿಯೋಣವೆಂದರೆ, ಸ್ಟೂಲಿನ ಮೇಲೆ ಮೈಯನ್ನು ಹಿಡಿದು ಕೂರಿಸುವುದೇ ಆ ಕಾಲು. ಅವಳ ಅಪ್ಪ ಬಡಗಿ. ಮಗಳಿಗೆ ಹನ್ನೆರಡು ತುಂಬಿದಾಗ ಆತ ತನ್ನ ತಾಯಿಯ ಹಳೆಯ ರಾಟೆಯನ್ನು ಅಟ್ಟದಿಂದ ಇಳಿಸಿ, ಅದರ ಒಂದು ಕಾಲಿನ ಕೆಳಗೆ ಮರದ ತುಂಡು ಹೊಡೆದು, ಮಗಳ ಪಾದ ವಾಲಿದಷ್ಟೇ ರಾಟೆಯನ್ನೂ ವಾಲಿಸಿಕೊಟ್ಟ. ಅದರ ಮೆಟ್ಟುಹಲಗೆಯನ್ನು ಅತ್ತಿಗೆ ನಲವತ್ತಾರು ವರ್ಷ ತುಳಿದಳು. ತುಳಿದು ತುಳಿದು ಹಲಗೆಯಲ್ಲಿ ಒಂದು ತಗ್ಗು ಬಿದ್ದಿತ್ತು. ಹೆಬ್ಬೆರಳಿಗೆ ಒಂದು ಗುಳಿ, ಪಾದದ ಹೊರ ಅಂಚಿಗೆ ಒಂದು ಕಾಲುವೆ. ಆ ಪಾದ ಹೋಗಿ ಅಲ್ಲಿ ಕೂತರೆ ಜಾರುವ ಮಾತೇ ಇಲ್ಲ.

ಒಮ್ಮೆ ನನಗೆ ಹೇಳಿದ್ದಳು: "ಇದರ ಮುಂದೆ ಕೂತಾಗ ನಾನು ಕುಂಟಿ ಅಲ್ಲ ಕಣೇ. ಎದ್ದು ನಿಂತಾಗಲೇ ಕುಂಟಿ ಆಗೋದು."

ನಾನು ಲಾಂಡ್ರಿಯ ಕೌಂಟರಿನಲ್ಲಿ ಕೂರುವವಳು. ಲಾಂಡ್ರಿಯ ಹಿಂಗೋಡೆಗೆ ಅಂಟಿಕೊಂಡೇ ಅಣ್ಣನ ಶೆಡ್ಡು. ನಮ್ಮ ಇಸ್ತ್ರಿಯ ಹಬೆ ಅವನ ಕಡೆಗೆ, ಅವನ ವಾರ್ನಿಷ್ ವಾಸನೆ ನಮ್ಮ ಕಡೆಗೆ. ಹಿಂದಿನ ಕಿಟಕಿಯಲ್ಲಿ ಶೆಡ್ಡಿನ ಒಳಗೆಲ್ಲ ಕಾಣುತ್ತದೆ. ಹಾಗಾಗಿ ಆರು ವರ್ಷ ನಡೆದ ಗುಟ್ಟು ನನಗೊಬ್ಬಳಿಗೆ ಗೊತ್ತಿತ್ತು.

ಗುಟ್ಟು ಇಷ್ಟು. ಮಧ್ಯಾಹ್ನ ಊಟವಾಗಿ ಅಣ್ಣ ಗೊರಕೆ ಹೊಡೆಯಲು ಶುರು ಮಾಡಿದ ಮೇಲೆ ಅತ್ತಿಗೆ ಶೆಡ್ಡಿಗೆ ಬರುತ್ತಿದ್ದಳು. ಅವನು ಮುಗಿಸಿಟ್ಟ ರಾಟೆಯ ಮುಂದೆ ಕೂತು ತುಳಿಯುತ್ತಿದ್ದಳು. ಓಡಿದರೆ ತಾನೇ! ಚಕ್ರದ ಅಂಚಿನಲ್ಲಿ ಹುರಿ ಕೂರುವ ಕೊರೆತಕ್ಕೂ ಇವನು ಪಾಲಿಶ್ ಹೊಡೆದಿರುತ್ತಿದ್ದ. ಹುರಿ ಅದರಲ್ಲಿ ಜಾರುತ್ತಿತ್ತು. ಅತ್ತಿಗೆ ಅಲ್ಲಿಗೆ ರಾಳದ ಪುಡಿ ತಿಕ್ಕುತ್ತಿದ್ದಳು. ಅಚ್ಚಿನ ತೂತಿನಲ್ಲಿದ್ದ ಹಳೆಯ ಚರ್ಮದ ಚೂರನ್ನು ಇವನು ಕೊಳೆ ಎಂದು ಕಿತ್ತೆಸೆದಿರುತ್ತಿದ್ದ. ಅವಳು ಹಳೆಯ ಚಪ್ಪಲಿ ಕತ್ತರಿಸಿ ಹೊಸ ಚೂರು ಇಡುತ್ತಿದ್ದಳು. ನೂಲು ಸುತ್ತುವ ಕದಿರಿಗೆ ಎರಡು ತೊಟ್ಟು ಎಣ್ಣೆ. ಆಮೇಲೆ ಅರ್ಧ ಗಂಟೆ ನೂತು, ಆ ನೂಲನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದಳು. ಸಂಜೆ ಅಣ್ಣ ಬಂದು ನೂಲು ನೋಡಿ, "ಬಂತಾ? ಬರದೆ ಎಲ್ಲಿ ಹೋಗುತ್ತೆ! ಕೈಗುಣ ಅಂದ್ರೆ ಇದು" ಎನ್ನುತ್ತಿದ್ದ. ಹೆಂಡತಿ ಪರೀಕ್ಷೆ ಮಾಡಿದ್ದಾಳೆ ಎಂದುಕೊಂಡಿದ್ದನೇ ಹೊರತು, ಪಾಸು ಮಾಡಿಸಿದ್ದಾಳೆ ಎಂದು ಅವನ ಮಂಡೆಗೆ ಹೊಳೆಯಲಿಲ್ಲ.

"ಹೇಳಬಾರದೇನೇ ಅವನಿಗೆ?" ಎಂದು ನಾನು ಕಿಟಕಿಯಿಂದಲೇ ಕೇಳಿದ್ದೆ.

"ಹೇಳಿದ್ರೆ ಏನು ಬರುತ್ತೆ? ಮುಖ ಊದಿಸ್ಕೊಂಡು ಕೂರ್ತಾರೆ. ಊದಿದ ಮುಖ ನೋಡೋದಕ್ಕಿಂತ ಚಪ್ಪಲಿ ಕತ್ತರಿಸೋದು ಸುಲಭ."

ಊರಿನಲ್ಲಿ ನೂಲುವ ಹವ್ಯಾಸದವರ ಗುಂಪೊಂದಿದೆ. ಶನಿವಾರ ಶನಿವಾರ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಸೇರುತ್ತಾರೆ, ಅಣ್ಣನಿಂದ ರಾಟೆ ಕೊಂಡವರೇ ಹೆಚ್ಚು. ಕಳೆದ ವರ್ಷ ಅವರು ಪುರಭವನದಲ್ಲಿ ಹಳೆಯ ರಾಟೆಗಳ ಪ್ರದರ್ಶನ ಇಟ್ಟುಕೊಂಡರು. ಚೆನ್ನಾಗಿ ದುರಸ್ತಿ ಮಾಡಿದ ರಾಟೆಗೆ ಬಹುಮಾನವಾಗಿ ಒಂದು ಕಪ್ಪು. ಅದಕ್ಕೂ ಮೊದಲು, ವೇದಿಕೆಯ ಮೇಲೆ ಅತ್ತಿಗೆ ಕೂದಲೆಳೆಯಷ್ಟು ಸಣ್ಣ ನೂಲು ತೆಗೆದು ತೋರಿಸಬೇಕು. ಐವತ್ತೆಂಟು ವರ್ಷದಲ್ಲಿ ಯಾರಾದರೂ ಅವಳನ್ನು ವೇದಿಕೆಗೆ ಕರೆದದ್ದು ಅದೇ ಮೊದಲು. ಎರಡು ತಿಂಗಳು ದಿನಾ ಬೆಳಗ್ಗೆ ಕೂತು ಅಭ್ಯಾಸ ಮಾಡಿದಳು. ನನ್ನ ಕೌಂಟರಿಗೆ ಬಂದು ಸೀರೆ ಎರಡು ಸಲ ಇಸ್ತ್ರಿ ಮಾಡಿಸಿದಳು. "ಮೆಟ್ಟಿಲು ಹತ್ತೋವಾಗ ಎಲ್ಲರೂ ಕಾಲು ನೋಡ್ತಾರೆ, ಪರವಾಗಿಲ್ಲ. ಕೂತ ಮೇಲೆ ಕೈ ನೋಡ್ತಾರಲ್ಲ" ಎಂದಳು.

ಅಷ್ಟರಲ್ಲಿ ಅವಳ ಮಗಳಿಗೆ ಹೆರಿಗೆಯಾಯಿತು. ಅತ್ತಿಗೆ ಮೂರು ವಾರ ಮಗಳ ಊರಿಗೆ ಹೋದಳು. ಪ್ರದರ್ಶನದ ದಿನವೇ ಬಸ್ಸಿಳಿದು ನೇರವಾಗಿ ಪುರಭವನಕ್ಕೆ ಬರುವುದೆಂದು ಮಾತಾಯಿತು. ಹೊರಡುವಾಗ ಗಂಡನಿಗೆ ನನ್ನೆದುರೇ ಹೇಳಿದಳು: "ರೀ, ನನ್ನ ರಾಟೆನ ಹೇಗಿದೆಯೋ ಹಾಗೇ ತಂದಿಡಿ."

ಹಾಗೇ ತರುತ್ತಾನೆಯೇ ನಮ್ಮ ಪುಣ್ಯಾತ್ಮ?

ಮೂರು ವಾರ ಶೆಡ್ಡಿನಿಂದ ಸರ್ ಸರ್ ಎಂದು ಉಜ್ಜುವ ಸದ್ದು ಬರುತ್ತಲೇ ಇತ್ತು. ಕಿಟಕಿಗೆ ತನ್ನ ಕಡೆಯಿಂದ ಪರದೆ ಹಾಕಿದ್ದ. ಯಾವುದೋ ಗುಜರಿ ರಾಟೆ ಇರಬೇಕು ಎಂದು ನಾನೂ ಸುಮ್ಮನಿದ್ದೆ. ಪ್ರದರ್ಶನದ ದಿನ ವೇದಿಕೆಯ ಮೇಲೆ ಬಿಳಿ ಬಟ್ಟೆ ಮುಚ್ಚಿದ ರಾಟೆ. ಅತ್ತಿಗೆ ಕೈಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಅಣ್ಣ ಜಾದೂಗಾರನ ಹಾಗೆ ಬಟ್ಟೆ ಎಳೆದ. ಜನ ಆಹಾ ಎಂದರು. ಕನ್ನಡಿಯಂತೆ ಹೊಳೆಯುವ ರಾಟೆ. ಒಂದಿಷ್ಟೂ ವಾಲದೆ ನೆಟ್ಟಗೆ ನಿಂತಿತ್ತು. ಮೆಟ್ಟುಹಲಗೆ ಗಾಜಿನಷ್ಟು ನುಣ್ಣಗೆ, ಸಪಾಟು.

ಅತ್ತಿಗೆ ಬಗ್ಗಿ ಹಲಗೆಯನ್ನು ಕೈಯಿಂದ ಸವರಿದಳು. ನಾನು ಮುಂದಿನ ಸಾಲಿನಲ್ಲಿದ್ದೆ, ಅವರ ಮಾತು ಕೇಳಿಸುತ್ತಿತ್ತು.

"ರೀ... ಕೆಳಗಿದ್ದ ತುಂಡು ಎಲ್ಲಿ?"

"ಯಾವುದು, ಆ ಕೊಳಕು ಮರದ ಚೂರಾ? ಕಿತ್ತುಹಾಕಿದೆ. ನಿಮ್ಮಪ್ಪ ಅದೇನು ಅಳತೆ ಹಿಡಿದಿದ್ರೋ! ರಸಮಟ್ಟ ಇಟ್ಟು ನೋಡಿದೀನಿ, ಒಂದು ಕೂದಲಷ್ಟೂ ವ್ಯತ್ಯಾಸ ಇಲ್ಲ."

"ಹಲಗೆ?"

"ಎಷ್ಟು ಸವೆದಿತ್ತು ಅಂತೀಯಾ! ಅರ್ಧ ದಪ್ಪ ಹೆರೆದ ಮೇಲೆ ಸಮ ಆಯ್ತು. ಕೂತ್ಕೋ, ಜನ ಕಾಯ್ತಿದಾರೆ."

ಕೂತಳು. ಏನು ಮಾಡುತ್ತಾಳೆ ಪಾಪ, ಕೂತಳು. ಉಣ್ಣೆ ಹಿಡಿದು ತುಳಿದಳು. ಪಾದ ಸರ್ರನೆ ಜಾರಿತು, ಚಕ್ರ ಅರ್ಧ ಸುತ್ತು ಬಂದು ನಿಂತು ಹಿಂದಕ್ಕೆ ತಿರುಗಿತು, ನೂಲು ಕಡಿಯಿತು. ಮತ್ತೆ ಸೇರಿಸಿದಳು, ಮತ್ತೆ ತುಳಿದಳು, ಮತ್ತೆ ಕಡಿಯಿತು. ಮೂರನೆಯ ಸಲ ಪಾದ ಹಲಗೆಯಿಂದಲೇ ಜಾರಿ ನೆಲಕ್ಕೆ ಬಡಿಯಿತು. ನನ್ನ ಹಿಂದೆ ಕೂತಿದ್ದ ಹೆಂಗಸೊಬ್ಬಳು ಪಕ್ಕದವಳಿಗೆ, "ಕುಣಿಯಲಾರದವಳಿಗೆ ನೆಲ ಡೊಂಕು" ಎಂದಳು. ತಿರುಗಿ ಅವಳ ಜಡೆ ಹಿಡಿದು ಎಳೆಯೋಣ ಅನ್ನಿಸಿತು. ನೆಲ ಡೊಂಕಿದ್ದಷ್ಟು ದಿನ ಕುಣಿದವಳು ಕಣಮ್ಮ ಇವಳು, ನೆಟ್ಟಗೆ ಮಾಡಿದ ಮೇಲೆ ಬಿದ್ದಳು!

ಅತ್ತಿಗೆ ಎದ್ದು, "ಕ್ಷಮಿಸಿ, ಇವತ್ತು ಆಗ್ತಿಲ್ಲ" ಎಂದು ಮೆಟ್ಟಿಲಿಳಿದಳು. ಎಲ್ಲರೂ ಕಾಲನ್ನೇ ನೋಡಿದರು.

ಇನ್ನು ಕಪ್ಪಿನ ವಿಷಯ ಕೇಳಿ. ಹಳೆಯ ಸಾಮಾನು ಬಲ್ಲವರೆಂದು ಎಲ್ಲಿಂದಲೋ ಕರೆಸಿದ್ದ ಕನ್ನಡಕದ ತೀರ್ಪುಗಾರರೊಬ್ಬರಿದ್ದರು. ಅವರು ರಾಟೆಯ ಸುತ್ತ ಎರಡು ಸುತ್ತು ಬಂದು, ಬೆರಳಿನಿಂದ ಮರ ಮುಟ್ಟಿ, ಮೂಸಿ, "ಅದ್ಭುತ! ಮೂಲ ರೂಪಕ್ಕೆ ತಂದಿದಾರೆ" ಎಂದು ಘೋಷಿಸಿ ಮೊದಲ ಬಹುಮಾನ ಅಣ್ಣನಿಗೇ ಕೊಟ್ಟರು. ಐದು ನಿಮಿಷದ ಹಿಂದೆ ಅದೇ ರಾಟೆಯಲ್ಲಿ ಗೇಣು ನೂಲು ಬರದಿದ್ದನ್ನು ಕಣ್ಣಾರೆ ಕಂಡಿದ್ದರು. ಮೇಲೆ ಥಳುಕು, ಒಳಗೆ ಹುಳುಕು; ಕೊಟ್ಟವರಿಗೂ ಅದೇ ಸಾಕು, ತೆಗೆದುಕೊಂಡವನಿಗೂ ಅದೇ ಸಾಕು. ಅಣ್ಣ ಕಪ್ಪು ಎತ್ತಿ ಹಿಡಿದು ಫೋಟೋಗೆ ಹಲ್ಲು ಕಿರಿದ. ಹೆಂಡತಿಗೆ ಪ್ರಯಾಣದ ಸುಸ್ತು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಮನೆಗೆ ಬಂದು ಅತ್ತಿಗೆ ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ರಾಟೆಯನ್ನು ಮೂಲೆಗೆ ತಳ್ಳಿ ಬೆಡ್‌ಶೀಟು ಮುಚ್ಚಿದಳು. ಉಣ್ಣೆಯ ಚೀಲವನ್ನು ಅಟ್ಟಕ್ಕೆ ಹಾಕಿದಳು. ಶನಿವಾರದ ಗುಂಪಿಗೆ ಹೋಗಲಿಲ್ಲ. ಮಧ್ಯಾಹ್ನ ಶೆಡ್ಡಿಗೂ ಬರಲಿಲ್ಲ. ಒಂದು ಸಲ ಮಾತ್ರ ಬಂದಿದ್ದಳು. ಅವಳ ಅಪ್ಪ ಹೊಡೆದಿದ್ದ ಮರದ ತುಂಡನ್ನು ಅಣ್ಣ ಶೆಡ್ಡಿನ ಬಾಗಿಲು ಬಡಿಯದಂತೆ ಕೆಳಗೆ ಸಿಕ್ಕಿಸಿದ್ದ. ಅದನ್ನು ಎಳೆದುಕೊಂಡು, ಸೆರಗಿನಲ್ಲಿ ಒರೆಸಿಕೊಂಡು ಮನೆಗೆ ಹೋದಳು. ಹಿಂದೆ ಬಾಗಿಲು ಧಡಾರನೆ ಬಡಿಯಿತು.

"ಬೇರೆ ರಾಟೆಲಿ ನೂಲಬಾರದೇನೇ?" ಎಂದೆ.

"ನಲವತ್ತಾರು ವರ್ಷ ಆಯ್ತು ಆ ತಗ್ಗು ಬೀಳೋಕೆ. ಬೇರೆ ರಾಟೆಲಿ ಅರ್ಧ ಗಂಟೆ ತುಳಿದ್ರೆ ರಾತ್ರಿಯೆಲ್ಲ ಕಾಲು ಸೆಳೆಯುತ್ತೆ. ಬಿಡು, ಮುಗೀತು ಅದು."

ನಾಲ್ಕು ತಿಂಗಳು ಕಳೆಯಿತು. ಕೈಯಲ್ಲಿ ಕೆಲಸವಿಲ್ಲದೆ ಅವಳು ಮನೆಯ ಕಿಟಕಿಯ ಬಳಿ ಕೂತಿರುತ್ತಿದ್ದಳು. ಅತ್ತ ಪಾಲಿಶಣ್ಣ ಹೊಸದಾಗಿ ಮಾರಿದ ರಾಟೆಗಳು ಒಂದೊಂದಾಗಿ ವಾಪಸು ಬರತೊಡಗಿದವು. ಹುರಿ ಜಾರುತ್ತೆ ಅಂತ ಒಂದು, ಕಿರುಗುಟ್ಟುತ್ತೆ ಅಂತ ಇನ್ನೊಂದು, ಏನು ಮಾಡಿದರೂ ನೂಲೇ ಬರಲ್ಲ ಅಂತ ಮತ್ತೊಂದು. ಹೂಕುಂಡ ಇಡುವವರಿಂದ ಮಾತ್ರ ದೂರಿರಲಿಲ್ಲ. ಬಂದದ್ದಕ್ಕೆಲ್ಲ ಇವನು ಮತ್ತೊಂದು ಕೈ ಪಾಲಿಶ್ ಹಚ್ಚಿ ಕಳಿಸಿದ. ವಾರದಲ್ಲಿ ಅವು ಮತ್ತೆ ಬಂದವು.

ಒಂದು ಬೆಳಗ್ಗೆ ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ನನ್ನ ಕೌಂಟರಿಗೆ ಬಂದ. "ಮುಂಚೆ ಎಲ್ಲಾ ಓಡ್ತಿತ್ತಲ್ಲೇ! ಅದೇ ಕೈ, ಅದೇ ಪಾಲಿಶ್. ಏನಾಯ್ತು ಈಗ?"

ಆರು ವರ್ಷ ನುಂಗಿಕೊಂಡದ್ದೆಲ್ಲ ಅವತ್ತು ಕಾರಿಕೊಂಡೆ. ರಾಳ, ಚಪ್ಪಲಿ, ಎಣ್ಣೆ, ಅವನ ಗೊರಕೆ, ಯಾವುದನ್ನೂ ಬಿಡಲಿಲ್ಲ. "ನಿನ್ನ ಕೈಗುಣಕ್ಕಿಷ್ಟು ಬೆಂಕಿ ಹಾಕ! ಆರು ವರ್ಷ ಓಡಿಸಿದ್ದು ಅವಳ ಕಾಲು ಕಣೋ. ಆ ಕಾಲನ್ನೇ ಹೆರೆದು ಹಾಕಿದೆಯಲ್ಲ, ಯಾವ ಪುರುಷಾರ್ಥಕ್ಕೆ?"

ಅಣ್ಣ ಕೌಂಟರಿನ ಅಂಚು ಉಜ್ಜಿದ. ಆಮೇಲೆ ತಲೆ ಎತ್ತದೆ ಹೇಳಿದ: "ನೀನೇ ಅಲ್ಲವೇನೇ ಅಂದಿದ್ದು?"

ಹೌದು, ನಾನೇ ಅಂದಿದ್ದೆ. ಪ್ರದರ್ಶನಕ್ಕೆ ಕರೆಯಲು ಶನಿವಾರದ ಗುಂಪಿನವರು ಮನೆಗೆ ಬಂದಿದ್ದರು. ಅತ್ತಿಗೆ ಅಡಿಗೆಮನೆಯಲ್ಲಿದ್ದಳು. ವಾಲಿಕೊಂಡು ನಿಂತಿದ್ದ ಅವಳ ರಾಟೆಯನ್ನು ತೋರಿಸಿ ನಾನು, "ಊರಿಗೆಲ್ಲ ಡಾಕ್ಟರು, ಮನೇಲೇ ಸೊಟ್ಟಗಾಲಿನ ರೋಗಿ!" ಎಂದು ಹೊಟ್ಟೆ ಹಿಡಿದು ನಕ್ಕಿದ್ದೆ. ಬಂದವರೂ ನಕ್ಕರು. ಅಣ್ಣನ ಮುಖ ಕೆಂಪಾಗಿತ್ತು. ಅವನನ್ನು ಕೆಣಕುವುದು ನನ್ನ ಉದ್ದೇಶ. ಮಾತು ಎಲ್ಲಿಗೆ ತಾಗುತ್ತದೆ ಎಂದು ನೋಡಿ ಆಡುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆ ಭಾನುವಾರ ಅಣ್ಣ ಬೆಡ್‌ಶೀಟು ಸರಿಸಿ, ಉಳಿ ಹಿಡಿದು ರಾಟೆಯ ಮುಂದೆ ಕೂತ. ನಾನೂ ಅಲ್ಲೇ ಇದ್ದೆ, ಕಾಲೆಳೆಯಲು ಅಲ್ಲ.

"ಮುಟ್ಟಬೇಡಿ!" ಅತ್ತಿಗೆ ಬಾಗಿಲಿನಿಂದ ಕೂಗಿದಳು. ನಾಲ್ಕು ತಿಂಗಳ ಸಿಟ್ಟು ಆ ಒಂದು ಕೂಗಿನಲ್ಲಿತ್ತು. "ಇರೋದೇ ಒಂದು ಬೆರಳು ದಪ್ಪ. ಎಲ್ಲಿ ಕೆತ್ತಬೇಕು ಅಂತ ಗೊತ್ತಾ ನಿಮಗೆ? ನನ್ನ ಪಾದ ಹೇಗಿದೆ ಅಂತ ಗೊತ್ತಾ?"

ಅಣ್ಣ ಉಳಿ ಕೆಳಗಿಟ್ಟ. "ಗೊತ್ತಿಲ್ಲ," ಎಂದ. ನನ್ನ ಅಣ್ಣನ ಬಾಯಲ್ಲಿ ಆ ಶಬ್ದ ನಾನು ಕೇಳಿದ್ದು ಅದೇ ಮೊದಲು. "ಹೇಗೆ ಅಂತ ನೀನು ಹೇಳು. ಹಾಗೇ ಮಾಡ್ತೀನಿ."

ಅತ್ತಿಗೆ ಒಳಕ್ಕೆ ಹೋದಳು. ಆಮೇಲೆ ಅಪ್ಪನ ತುಂಡನ್ನು ತಂದು ಅವನ ಮುಂದಿಟ್ಟು, "ಮೊದಲು ಇದನ್ನ ಹಾಕಿ. ಮಸಿ ತನ್ನಿ. ನಮ್ಮಪ್ಪ ಯಾವುದನ್ನಾದರೂ ಕೂರಿಸಬೇಕಾದ್ರೆ ಮಸಿ ಹಚ್ಚಿ ಒತ್ತಿ ನೋಡ್ತಿದ್ರು. ಮಸಿ ಅಂಟಿದ ಕಡೆ ಮಾತ್ರ ಹೆರೀಬೇಕು" ಎಂದಳು.

ಇದ್ದಿಲು ಅರೆದು ಎಣ್ಣೆಗೆ ಕಲಸಿದೆವು. ಅಣ್ಣ ಅದನ್ನು ಹಾಕಲು ಕೈಗೆ ಸಿಕ್ಕ ಪಾತ್ರೆ ತಂದ: ಮೊದಲ ಬಹುಮಾನದ ಕಪ್ಪು. ಅದನ್ನು ಹಿಡಿದು ನಿಲ್ಲುವ ಕೆಲಸ ನನ್ನದು. ಅತ್ತಿಗೆ ಸ್ಟೂಲಿನ ಮೇಲೆ ಕೂತು ಬಲಗಾಲು ಚಾಚಿದಳು. ಅಣ್ಣ ಮಂಡಿಯೂರಿ ಆ ಪಾದವನ್ನು ಮಡಿಲಿಗೆ ತೆಗೆದುಕೊಂಡು ಮಸಿ ಹಚ್ಚಿದ. ಮೂವತ್ತಾರು ವರ್ಷ ಸಂಸಾರ ಮಾಡಿದವನು ಅದನ್ನು ಸರಿಯಾಗಿ ನೋಡಿದ್ದು ಅವತ್ತೇ ಇರಬೇಕು. ಬೆರಳು ಬೆರಳು ನೋಡಿದ. ಹಲಗೆಗೆ ಒತ್ತಿಸಿ, ಕರಿ ಬಿದ್ದ ಕಡೆ ಉಳಿಯಿಂದ ಕಾಗದದಷ್ಟು ತೆಳ್ಳಗೆ ಹೆರೆದ. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಹೆರೆತ. "ಹೆಬ್ಬೆರಳ ಹತ್ರ ಇನ್ನೂ ಸ್ವಲ್ಪ." "ಇಷ್ಟಾ?" "ಹೂಂ. ಅಲ್ಲ, ಹೊರಗಡೆ." ಒಂದು ಸಲ ಉಳಿ ತಪ್ಪಿದರೆ ಹಲಗೆ ತೂತು. ಐದು ಭಾನುವಾರ ಹಿಡಿಯಿತು. ಹೊಳೆಯುತ್ತಿದ್ದ ಹಲಗೆ ಒಲೆಯ ಪಕ್ಕದ ಗೋಡೆಯ ಹಾಗೆ ಕರ್ರಗಾಯಿತು.

ಆರನೆಯ ಭಾನುವಾರ ಅತ್ತಿಗೆ ತುಳಿದಳು. ಪಾದ ನಿಂತಿತು. ಚಕ್ರ ಮುಂದಕ್ಕೆ ತಿರುಗಿತು, ತಿರುಗುತ್ತಲೇ ಇತ್ತು. ನೂಲು ಗಂಟು ಗಂಟಾಗಿ ಬಂತು, ಆದರೆ ಕಡಿಯಲಿಲ್ಲ.

"ಮೊದಲಿನ ಹಾಗೆ ಆಯ್ತಾ?" ಎಂದ ಅಣ್ಣ, ಪರೀಕ್ಷೆ ಬರೆದ ಹುಡುಗನ ಹಾಗೆ.

"ಇಲ್ಲ," ಎಂದಳು. "ಮೊದಲಿನ ಹಾಗಾಗೋಕೆ ಇನ್ನೂ ನಲವತ್ತಾರು ವರ್ಷ ತುಳೀಬೇಕು. ಅಷ್ಟು ಆಯಸ್ಸು ನನಗೂ ಇಲ್ಲ, ನಿಮಗೂ ಇಲ್ಲ. ಇದರಲ್ಲೇ ಆಗುತ್ತೆ ಬಿಡಿ."

ಅಣ್ಣ ತಲೆ ತಗ್ಗಿಸಿ ಹೆರೆದ ಚೂರುಗಳನ್ನು ಗುಡಿಸಿದ.

ಕಳೆದ ವಾರ ಆ ಕನ್ನಡಕದ ತೀರ್ಪುಗಾರರು ಬಂದಿದ್ದರು, ಬಹುಮಾನದ ರಾಟೆಯ ಫೋಟೋ ಬೇಕಂತೆ. ವಾಲಿಕೊಂಡು ನಿಂತ ಮಸಿಬಡುಕ ರಾಟೆ ನೋಡಿ ಹೌಹಾರಿದರು. "ಅಯ್ಯಯ್ಯೋ! ಯಾವ ಅವಿವೇಕಿ ಇದನ್ನ ಹಾಳು ಮಾಡಿದ್ದು?"

"ನಾನೇ ಸ್ವಾಮಿ," ಎಂದ ಅಣ್ಣ. "ಒಂದೇ ಸಲ ಹಾಳು ಮಾಡಿದ್ದು. ಆ ಸಲ ನೀವು ಕಪ್ಪು ಕೊಟ್ಟಿರಿ."

ಆ ಮನುಷ್ಯ ಕ್ಯಾಮೆರಾ ಚೀಲಕ್ಕೆ ಸೇರಿಸಿ ಹೋದ ರೀತಿ ನೋಡಬೇಕಿತ್ತು! ನಾನು ಗೋಡೆ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕೆ. ಅಣ್ಣನೂ ನಕ್ಕ. ಅತ್ತಿಗೆ ತುಳಿಯುತ್ತಲೇ ಇದ್ದಳು. ನನ್ನ ನಗು ನಿಂತ ಮೇಲೆ, ನೂಲಿನಿಂದ ಕಣ್ಣು ತೆಗೆಯದೆ ಹೇಳಿದಳು:

"ನಿನ್ನ ನಗು ಗೋಡೆ ದಾಟಿ ಬರುತ್ತೆ ಕಣೇ. ಅವತ್ತೂ ಅಡಿಗೆಮನೆವರೆಗೂ ಕೇಳಿಸಿತ್ತು."

ಕಪ್ಪಿನಲ್ಲಿ ಉಳಿದಿದ್ದ ಮಸಿಯನ್ನು ತೊಳೆಯುತ್ತೇನೆಂದು ಎತ್ತಿಕೊಂಡು ಹಿತ್ತಲಿಗೆ ಹೋದೆ. ಎಷ್ಟು ಉಜ್ಜಿದರೂ ಕೈ ಬೆಳ್ಳಗಾಗಲಿಲ್ಲ.